ಆಪರೇಷನ್ ಮುಗಿದ ಮೇಲಿನ ಮನೆ

ನನ್ನ ಎದೆಯಲ್ಲಿರುವ ವಾಲ್ವು ತಿರುವನಂತಪುರದಲ್ಲಿ ಹುಟ್ಟಿದ್ದು. ಆ ಊರನ್ನು ನಾನು ನೋಡಿಲ್ಲ. ಅಲ್ಲಿನ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಕೂತು ಮಾಡಿದ ವಾಲ್ವು ಅದು. ಮೊದಲ ಮೂರು ಮಾದರಿಗಳು ಕೈಕೊಟ್ಟವಂತೆ. ನಾಲ್ಕನೆಯದನ್ನು ಕುರಿಗಳಿಗೆ ಹಾಕಿ ನೋಡಿ, 1990ರ ಡಿಸೆಂಬರಿನಲ್ಲಿ ಮೊದಲ ಸಲ ಮನುಷ್ಯರಿಗೆ ಹಾಕಿದರು. ಗಟ್ಟಿ ಲೋಹದ ಒಂದು ಉಂಗುರ, ಅದರೊಳಗೆ ಓರೆಯಾಗಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಬಿಲ್ಲೆ, ಹೊಲಿಗೆ ಹಾಕಲು ಸುತ್ತ ಬಟ್ಟೆಯ ಅಂಚು. ಹೊರದೇಶದ ವಾಲ್ವಿಗಿಂತ ಬೆಲೆ ಎಷ್ಟೋ ಕಡಿಮೆ. ವಲಿಯತ್ತಾನ್ ಆಮೇಲೆ ಮಣಿಪಾಲದಲ್ಲಿ ಕುಲಪತಿಯಾಗಿದ್ದರು. 2024ರ ಜುಲೈನಲ್ಲಿ ಅವರು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂದಾಗ ನನ್ನ ಮಗಳು ಆ ಫೋಟೋ ಕತ್ತರಿಸಿ ನನ್ನ ಆಸ್ಪತ್ರೆ ಫೈಲಿನೊಳಗೆ ಇಟ್ಟಳು.

ಅವರ ಕೆಲಸದಲ್ಲಿ ಒಂದು ಕುಂದಿಲ್ಲ. 2006ರಲ್ಲಿ ಹಾಕಿದ್ದು, ಈವರೆಗೆ ರಜೆ ಹಾಕದೆ ತೆರೆದು ಮುಚ್ಚುತ್ತಿದೆ. ಆದರೆ ನಾನು ಬರೆಯಹೊರಟಿದ್ದು ಅದು ಕೂತ ಮೇಲಿನ ಮಾತು. ಹೊಲಿಗೆ ಒಣಗಿ, ಡಾಕ್ಟರು ‘ಎಲ್ಲ ಚೆನ್ನಾಗಿದೆಯಮ್ಮ, ಊರಿಗೆ ಹೋಗು’ ಅಂದರಲ್ಲ, ಅಲ್ಲಿಂದ ಮುಂದಿನ ವರ್ಷ ನನಗೇನಾಗಿತ್ತು ಅನ್ನುವುದು.

ಕಾಯಿಲೆ ಬಂದದ್ದು ಗಂಟಲಿನಿಂದ. ಮಕ್ಕಳಿಗೆ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಗಂಟಲುನೋವು ಬರುತ್ತದೆ. ಸರಿಯಾದ ಔಷಧಿ ಬೀಳದೆ ಹೋದರೆ ಕೆಲವರಿಗೆ ಎರಡು ಮೂರು ವಾರ ಕಳೆದು ಜ್ವರ, ಕೀಲುಗಳಲ್ಲಿ ಊತ. ಇವತ್ತು ಮೊಣಕಾಲು, ನಾಳೆ ಮೊಣಕೈ. ಕೀಲು ತಾನಾಗಿ ವಾಸಿಯಾಗುತ್ತದೆ, ಹೃದಯದ ವಾಲ್ವಿಗೆ ಬಿದ್ದ ಗಾಯ ವಾಸಿಯಾಗುವುದಿಲ್ಲ. ರುಮ್ಯಾಟಿಕ್ ಜ್ವರ ಅನ್ನುತ್ತಾರೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಗಳೆಂದರೆ ಅದಕ್ಕೆ ಬಲು ಇಷ್ಟ. ಮೂರು ವಾರಕ್ಕೊಂದರಂತೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸುತ್ತಿದ್ದರೆ ಮುಂದಿನ ಹಾನಿ ತಪ್ಪುತ್ತಿತ್ತು. ನನಗೆ ನಾಲ್ಕನೇ ಕ್ಲಾಸಿನಲ್ಲಿ ಹಾಗಾದಾಗ ಅದನ್ನು ವಾಯು ಅಂದು ಎಣ್ಣೆ ತಿಕ್ಕಿದರು. ಊತ ಇಳಿಯಿತು, ಎಲ್ಲರೂ ಮರೆತರು.

ಗೊತ್ತಾದದ್ದು ಬಸುರಿಯಾದಾಗ. ಬಸುರಿಯ ಮೈಯಲ್ಲಿ ರಕ್ತ ಹೆಚ್ಚುತ್ತದೆ. ಕಿರಿದಾಗಿ ಹೋದ ವಾಲ್ವಿಗೆ ಅಷ್ಟನ್ನು ದಾಟಿಸುವ ತ್ರಾಣ ಇರುವುದಿಲ್ಲ. ಏಳನೇ ತಿಂಗಳಲ್ಲಿ ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದೆ. ‘ಮೊದಲ ಬಸುರಿ, ಆಯಾಸ ಇರ್ತದೆ’ ಅಂದರು. ತುಮಕೂರಿನಲ್ಲಿ ಒಬ್ಬ ಹೆರಿಗೆ ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಹೇಗೋ ಹೆರಿಗೆ ಆಯಿತು, ಹೆಣ್ಣುಮಗು. ಮಗುವಿಗೆ ಒಂದೂವರೆ ವರ್ಷ ತುಂಬುವ ಹೊತ್ತಿಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದರಲ್ಲಿ, ಬಲೂನು ಹಾಕಿ ಹಿಗ್ಗಿಸುವ ಕಾಲ ದಾಟಿದೆ, ವಾಲ್ವು ಬದಲಿಸಲೇಬೇಕು ಅಂದರು.

ದುಡ್ಡು? ನಮ್ಮ ಮಾವ ಊರಿನ ಹಾಲಿನ ಡೇರಿ ಸದಸ್ಯರು. ಸಹಕಾರ ಸಂಘಗಳ ರೈತರಿಗೆ 2003ರಲ್ಲಿ ಶುರುವಾಗಿದ್ದ ಯಶಸ್ವಿನಿ ಯೋಜನೆಗೆ ಡೇರಿ ಕಾರ್ಯದರ್ಶಿ ಎಲ್ಲರ ಹೆಸರನ್ನೂ ಒತ್ತಾಯ ಮಾಡಿ ಬರೆಸಿಕೊಂಡಿದ್ದರು. ಶುರುವಿನಲ್ಲಿ ಒಬ್ಬರಿಗೆ ತಿಂಗಳಿಗೆ ಐದು ರೂಪಾಯಿ ಲೆಕ್ಕ. ಮನೆಯ ಸೊಸೆಯೂ ಅದರಲ್ಲಿ ಬರುತ್ತಾಳೆ ಅನ್ನುವುದು ನಮಗೆ ಗೊತ್ತಾದದ್ದೇ ಆಗ. ಆಪರೇಷನ್ ಖರ್ಚು ಕಾರ್ಡಿನಲ್ಲಿ ಹೋಯಿತು. ಆ ಯೋಜನೆಗೆ ನಾನು ಋಣಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಆಪರೇಷನ್ನಿಗೆ ಇದ್ದ ಯೋಜನೆ. ಆಮೇಲಿನ ಮಾತ್ರೆಗೆ, ರಕ್ತ ಪರೀಕ್ಷೆಗೆ, ಬಸ್ ಚಾರ್ಜಿಗೆ, ಜೊತೆಗೆ ಬರುವವರ ಕೂಲಿ ಹೋದದ್ದಕ್ಕೆ ಕಾರ್ಡು ಇರಲಿಲ್ಲ. ಯಾವ ಹಸುವಿನ ಹಾಲಿನಿಂದ ನಾವು ಡೇರಿ ಸದಸ್ಯರಾಗಿದ್ದೆವೋ ಆ ಹಸುವನ್ನೇ ಈ ಆಮೇಲಿನ ಖರ್ಚಿಗೆ ಮಾರಿದೆವು.

ಐಸಿಯು ಬಗ್ಗೆ ಹೆಚ್ಚು ಬರೆಯಲಾರೆ. ಗಂಟಲಲ್ಲಿ ಕೊಳವೆ, ಮಾತಾಡಲು ಬಾರದು, ಕೊಳವೆ ಕಿತ್ತುಕೊಳ್ಳದಿರಲಿ ಅಂತ ಕೈ ಕಟ್ಟಿದ್ದರು. ಮೇಲಿನ ಟ್ಯೂಬ್‌ಲೈಟಿನಿಂದ ಕಟ್ಟಿರುವೆಗಳು ಸಾಲಾಗಿ ಇಳಿದು ನನ್ನ ಬಾಯಿಗೆ ಬರುತ್ತಿದ್ದವು. ನಿಜವಾಗಿಯೂ ಕಂಡೆ. ಅಂಥ ಭ್ರಮೆ ದೊಡ್ಡ ಆಪರೇಷನ್ ಆದ ಎಷ್ಟೋ ಜನಕ್ಕೆ ಆಗುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಸಾಕಿತ್ತು. ಯಾರೂ ಹೇಳಲಿಲ್ಲವಾದ್ದರಿಂದ ನಾನೂ ಯಾರಿಗೂ ಹೇಳಲಿಲ್ಲ. ತಲೆ ಕೆಟ್ಟಿದೆ ಅಂದುಕೊಂಡಾರು ಅನ್ನುವ ಭಯ ಅಲ್ಲಿಂದಲೇ ಹಿಡಿಯಿತು.

ಮನೆಗೆ ಬರುವಾಗ ಕೈಯಲ್ಲೊಂದು ಪಟ್ಟಿ. ಎದೆಮೂಳೆಯನ್ನು ಸೀಳಿ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ, ಅದು ಕೂಡಿಕೊಳ್ಳಬೇಕು. ಹಾಗಾಗಿ ಮೂರು ತಿಂಗಳು ಐದು ಕೆಜಿಗಿಂತ ಹೆಚ್ಚು ಭಾರ ಎತ್ತಬಾರದು, ಬಾವಿ ಸೇದಬಾರದು, ಒಗೆಯಬಾರದು, ಮಗ್ಗುಲಾಗಿ ಮಲಗಬಾರದು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಮೂರು ಚೆಂಡಿನ ಡಬ್ಬಿಯಲ್ಲಿ ಉಸಿರೆಳೆದು ಚೆಂಡು ಮೇಲೇರಿಸಬೇಕು. ‘ಸಂಪೂರ್ಣ ವಿಶ್ರಾಂತಿ’ ಅಂತ ಕೊನೆಗೆ ಬರೆದು ಅಡಿಗೆರೆ ಎಳೆದಿದ್ದರು.

ನಮ್ಮ ಕೊರಟಗೆರೆ ಸೀಮೆಯ ಮನೆಯೊಂದರಲ್ಲಿ ಸೊಸೆ ವಿಶ್ರಾಂತಿ ತೆಗೆದುಕೊಳ್ಳುವುದು ಹೇಗೆ ಅಂತ ಪಟ್ಟಿಯಲ್ಲಿ ಇರಲಿಲ್ಲ. ನೀರು ಬೀದಿ ಕೊನೆಯ ಬೋರಿನಿಂದ ತರಬೇಕು, ಕರೆಂಟು ಇದ್ದಾಗ ಮಾತ್ರ. ಅತ್ತೆ ಕೆಟ್ಟವರಲ್ಲ. ‘ನೀನು ಬಿಂದಿಗೆ ಮುಟ್ಬ್ಯಾಡ ಬುಡವ್ವ, ನಾನೇ ತತ್ತೀನಿ’ ಅಂದರು, ತಂದರು. ಅವರಿಗೆ ಮಂಡಿನೋವು. ಒಂದೊಂದು ಬಿಂದಿಗೆ ಇಳಿಸುವಾಗಲೂ ‘ಉಸ್ಸಪ್ಪಾ’ ಅನ್ನುತ್ತಿದ್ದರು, ಆ ಉಸ್ಸಪ್ಪಾ ನೆಟ್ಟಗೆ ನನಗೇ ತಾಗುತ್ತಿತ್ತು. ಓರಗಿತ್ತಿ ಏನೂ ಅನ್ನದೆ ಎರಡು ಪಾಲು ಕೆಲಸ ಮಾಡುತ್ತಿದ್ದಳು, ಪಾತ್ರೆ ಮಾತ್ರ ಜೋರಾಗಿ ಸದ್ದು ಮಾಡುತ್ತಿದ್ದವು. ನನ್ನ ಗಂಡ ಟೊಮೇಟೊ ಲೋಡಿನ ಟೆಂಪೋ ಓಡಿಸುತ್ತಿದ್ದರು. ರಾತ್ರಿ ಹೊರಟರೆ ಬರುವುದು ಮಾರನೇ ದಿನ ಮಧ್ಯಾಹ್ನ. ಬಂದು ‘ಮಾತ್ರೆ ತಗಂಡಾ?’ ಅನ್ನುವರು, ಮಲಗುವರು. ಸಾಲ ಅವರ ತಲೆಯ ಮೇಲೆ ಕೂತಿತ್ತು.

ಮಗಳು ಎತ್ತಿಕೋ ಅಂತ ಎರಡೂ ಕೈ ಚಾಚುವಳು. ಎತ್ತುವಂತಿಲ್ಲ. ಮೊದಮೊದಲು ಅತ್ತಳು, ಆಮೇಲೆ ಓರಗಿತ್ತಿಯ ಹತ್ತಿರ ಹೋಗುವುದನ್ನು ಕಲಿತಳು. ಕಲಿತದ್ದು ಒಳ್ಳೆಯದೇ ಆಯಿತು ಅಂತ ಎಲ್ಲರೂ ಅಂದರು.

ನೋಡಲು ಬರುವವರು ಮೂಸಂಬಿ, ಬ್ರೆಡ್ಡು, ಹಾರ್ಲಿಕ್ಸ್ ತರುತ್ತಿದ್ದರು. ಕೂತು ಕಾಫಿ ಕುಡಿದು, ಸೆರಗಿನ ಅಂಚಿನಿಂದ ಇಣುಕುವ ಗಾಯದ ಗುರುತು ನೋಡಿ ಲೊಚಗುಟ್ಟಿ, ಹೊರಗಿನ ಜಗುಲಿಯಲ್ಲಿ ಅತ್ತೆಯ ಹತ್ತಿರ ದನಿ ತಗ್ಗಿಸಿ ಮಾತಾಡುತ್ತಿದ್ದರು. ತಗ್ಗಿದ ದನಿ ಒಳಗೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ‘ಇನ್ನೊಂದು ಮಗ ಆಗಂಗಿಲ್ವಂತಲ್ಲ?’ ಅದು ನಿಜ. ಲೋಹದ ವಾಲ್ವು ಇದ್ದವರು ಬದುಕಿರುವವರೆಗೂ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕು, ಆ ಮಾತ್ರೆ ಗರ್ಭದ ಮೊದಲ ತಿಂಗಳುಗಳಲ್ಲಿ ಕೂಸಿಗೆ ಕೇಡು. ಪ್ರಾಣಿಯ ಪೊರೆಯಿಂದ ಮಾಡಿದ ವಾಲ್ವೂ ಉಂಟು, ಅದಕ್ಕೆ ಆ ಮಾತ್ರೆ ಬದುಕಿಡೀ ಬೇಕಿಲ್ಲ, ಆದರೆ ಚಿಕ್ಕ ವಯಸ್ಸಿನವರಲ್ಲಿ ಬೇಗ ಸವೆದು ಮತ್ತೆ ಎದೆ ತೆರೆಯಬೇಕಾಗುತ್ತದೆ. ಇದನ್ನೆಲ್ಲ ಆಸ್ಪತ್ರೆಯವರು ನನ್ನ ಮಾವನಿಗೂ ಗಂಡನಿಗೂ ವಿವರಿಸಿ ಸಹಿ ಹಾಕಿಸಿಕೊಂಡಿದ್ದರು. ನನ್ನ ಹೆಬ್ಬೆರಳೂ ಬೇಕಾಗಿರಲಿಲ್ಲ. ನಾನು ಪಿಯುಸಿ ಪಾಸಾದವಳು.

ಇನ್ನೊಂದು ವಿಷಯ ಹೆಂಗಸರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ರಕ್ತ ತೆಳುವಾಗಿಸುವ ಮಾತ್ರೆ ತಿಂದವಳ ಮುಟ್ಟು ನಾಲ್ಕು ದಿನಕ್ಕೆ ನಿಲ್ಲುವುದಿಲ್ಲ. ಹತ್ತು ದಿನ, ಒಮ್ಮೊಮ್ಮೆ ಅದಕ್ಕೂ ಮೇಲೆ. ಹೊರಗಾದವಳು ಹೊರಗೇ ಕೂರಬೇಕಾದ ಮನೆಯಲ್ಲಿ ತಿಂಗಳ ಮೂರನೇ ಒಂದು ಪಾಲು ನಾನು ಹಿತ್ತಲ ಕಡೆಯ ಚಪ್ಪರದ ಕೆಳಗೆ. ಮೈಯಲ್ಲಿ ರಕ್ತವೇ ನಿಲ್ಲದೆ ಮುಖ ಬಿಳಿಚಿ, ಎದ್ದರೆ ಕಣ್ಣು ಕತ್ತಲಿಡುತ್ತಿತ್ತು. ಅದನ್ನು ಸೋಮಾರಿತನ ಅಂದರು, ಬರಬರುತ್ತ ನಾನೂ ಹಾಗೇ ಅಂದುಕೊಂಡೆ. ಪುರುಷ ವೈದ್ಯರ ಎದುರು, ಮಾವನ ಪಕ್ಕ ನಿಂತು, ಇದನ್ನು ಹೇಳುವುದಾದರೂ ಹೇಗೆ?

ರಾತ್ರಿ ಬೇರೆ ಕಾಟ. ಚಿತ್ರಾ ವಾಲ್ವಿನ ಸದ್ದು ಬೇರೆಯವಕ್ಕಿಂತ ಕಡಿಮೆ ಅನ್ನುತ್ತಾರೆ, ಇರಬಹುದು. ಊರು ಮಲಗಿದ ಮೇಲೆ, ಅಂಗಾತ ಮಲಗಿದವಳಿಗೆ, ಅದು ಕೇಳುತ್ತದೆ. ಕೇಳುವುದು ಕಷ್ಟವಲ್ಲ. ಒಂದು ಬಡಿತ ಕೇಳಿದ ಮೇಲೆ ಇನ್ನೊಂದಕ್ಕೆ ಕಾಯುವುದು ಕಷ್ಟ. ಕಾದಷ್ಟೂ ಎದೆ ವೇಗ ಹಿಡಿಯುತ್ತಿತ್ತು, ವೇಗ ಹಿಡಿದಷ್ಟೂ ಬೆವರು. ಬೆಳಗಿನ ಜಾವ ಮೂರಕ್ಕೆ ಎಚ್ಚರಾಗಿ ಕೋಳಿ ಕೂಗುವವರೆಗೆ ಹಾಗೇ. ಮುದ್ದೆ ಗಂಟಲಲ್ಲಿ ಇಳಿಯದಾಯಿತು. ತಲೆ ಬಾಚಿಕೊಳ್ಳುವುದು ಬೆಟ್ಟ ಹತ್ತಿದ ಹಾಗೆ. ದುಃಖ ಅಂತಲೂ ಅಲ್ಲ, ಅಳುವೂ ಬರುತ್ತಿರಲಿಲ್ಲ. ಬದುಕಿಸಿದರಲ್ಲ, ಯಾಕೆ ಬದುಕಿಸಿದರು ಅಂತ ಒಂದೇ ಪ್ರಶ್ನೆ. ಆಮೇಲೆ ಒಂದು ಯೋಚನೆ ಬಂತು, ಬಹಳ ಮೆತ್ತಗೆ ಬಂತು: ಏನೂ ಮಾಡಬೇಕಾಗಿಲ್ಲ, ಮಾತ್ರೆ ನುಂಗದಿದ್ದರೆ ಆಯಿತಲ್ಲ.

ವಾಲ್ವು ಹಾಕಿಸಿಕೊಂಡವರಿಗೆ ಐಎನ್‌ಆರ್ ಅಂತ ರಕ್ತ ಪರೀಕ್ಷೆ ಇರುತ್ತದೆ. ರಕ್ತ ಎಷ್ಟು ತೆಳುವಾಗಿದೆ ಅನ್ನುವ ಲೆಕ್ಕ. ನನ್ನಂಥ ವಾಲ್ವಿಗೆ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು. ಇಳಿದರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು, ಏರಿದರೆ ಒಳಗೇ ರಕ್ತ ಸೋರಬಹುದು. ಸೊಪ್ಪಿನಲ್ಲಿರುವ ಕೆ ವಿಟಮಿನ್ ಈ ಲೆಕ್ಕವನ್ನು ಇಳಿಸುತ್ತದೆ. ಸೊಪ್ಪನ್ನೇ ಬಿಡಬೇಕು ಅಂತ ಆಗ ಹೇಳಿ ಕಳಿಸಿದ್ದರು. ಬಸ್ಸಾರು, ಉಪ್ಸಾರಿನ ಮೇಲೆ ನಡೆಯುವ ಮನೆಯಲ್ಲಿ ನನಗೊಬ್ಬಳಿಗೆ ಬೇರೆ ಅಡುಗೆ, ಅದೂ ಒಂದು ಹಂಗು. ವಾರವಾರವೂ ಒಂದೇ ಅಳತೆಯಲ್ಲಿ ತಿಂದರೆ ಸಾಕು, ಮಾತ್ರೆಯನ್ನು ಅದಕ್ಕೆ ಹೊಂದಿಸಬಹುದು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಮುಂದಿನ ಪರೀಕ್ಷೆಗೆ ಹೋದಾಗ ನನ್ನ ಲೆಕ್ಕ ಒಂದರ ಸಮೀಪಕ್ಕೆ ಬಂದಿತ್ತು. ಅಂದರೆ ಮಾತ್ರೆಯನ್ನೇ ಕಾಣದ ರಕ್ತ. ದೊಡ್ಡ ಡಾಕ್ಟರು ಚೀಟಿ ನೋಡಿ ಮಾವನ ಮೇಲೆ ರೇಗಿದರು, ‘ಸೊಪ್ಪು ತಿನ್ನಿಸಬೇಡಿ ಅಂತ ಎಷ್ಟು ಸಲ ಹೇಳೋದು?’ ಮಾವ ತಲೆ ತಗ್ಗಿಸಿದರು. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಚಿಕ್ಕ ವಯಸ್ಸಿನ ಡಾಕ್ಟರೊಬ್ಬಳು ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಮಾವನನ್ನು ಹೊರಗೆ ಕೂರಿಸಿ ಕೇಳಿದಳು, ‘ಮಾತ್ರೆ ತಗೊಳ್ತಾ ಇದ್ದೀರಾ?’ ನಾನು ಇಲ್ಲ ಅಂದೆ. ಸುಳ್ಳು ಹೇಳುವಷ್ಟು ಶಕ್ತಿಯೂ ಇರಲಿಲ್ಲ.

ಅವಳು ನಿಮ್ಹಾನ್ಸಿಗೆ ಬರೆದುಕೊಟ್ಟಳು. ಮಾವ ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. 1974ರಲ್ಲಿ ರಾಜ್ಯದ ಮಾನಸಿಕ ಆಸ್ಪತ್ರೆಯನ್ನೂ ಕೇಂದ್ರದ ಸಂಸ್ಥೆಯನ್ನೂ ಸೇರಿಸಿ ನಿಮ್ಹಾನ್ಸ್ ಆಯಿತು, ಆದರೆ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದು ಹುಚ್ಚಾಸ್ಪತ್ರೆಯೇ. ಊರಲ್ಲಿ ಕೇಳಿದರೆ ಹಾರ್ಟಿನ ಆಸ್ಪತ್ರೆಗೇ ಹೋಗಿದ್ದೆವು ಅನ್ನಬೇಕು ಅಂತ ಗೇಟಿನಲ್ಲಿ ಇಳಿಯುವಾಗ ಹೇಳಿದರು.

ಅಲ್ಲಿ ಡಾಕ್ಟರು ಇದು ಖಿನ್ನತೆ, ಕಾಯಿಲೆ, ಔಷಧಿಯಿದೆ ಅಂದರು. ಮನಸ್ಸಿನ ಮಾತ್ರೆಯೂ ರಕ್ತದ ಮಾತ್ರೆಯೂ ಕೂಡಿದರೆ ರಕ್ತ ಸೋರುವುದು ಹೆಚ್ಚಬಹುದು, ಹಾಗಾಗಿ ಸಣ್ಣ ಅಳತೆಯಲ್ಲಿ ಶುರು ಮಾಡೋಣ, ಐಎನ್‌ಆರ್ ಬೇಗಬೇಗ ನೋಡಿಸಿ, ಗುಣ ಕಾಣಲು ಕೆಲವು ವಾರ ಬೇಕು ಅಂತ ಬಿಡಿಸಿ ಹೇಳಿದರು. ಮುಟ್ಟಿನ ವಿಷಯ ಅವರೇ ಕೇಳಿ ಕಬ್ಬಿಣದ ಮಾತ್ರೆಯನ್ನೂ ಬರೆದರು. ಆಮೇಲೆ ಇನ್ನೊಂದು ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಡಾಕ್ಟರಲ್ಲ, ಸೋಶಿಯಲ್ ವರ್ಕರ್. ಎದೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ‘ಅಕ್ಕ, ನಿಮ್ಮನೇಲಿ ನೀರು ಯಾರು ತರ್ತಾರೆ?’ ಅಂದಳು.

ನಾನು ಆಗ ಅತ್ತುಬಿಟ್ಟೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ.

ಅವಳು ಮುಂದಿನ ಸಲಕ್ಕೆ ಗಂಡನನ್ನೂ ಅತ್ತೆಯನ್ನೂ ಕರೆಸಿದಳು. ಉಪದೇಶ ಮಾಡಲಿಲ್ಲ. ಒಂದು ಹಾಳೆ ತೆಗೆದು ಬೆಳಗಿನಿಂದ ರಾತ್ರಿಯವರೆಗೆ ಮನೆಯ ಕೆಲಸಗಳನ್ನೆಲ್ಲ ಬರೆಸಿದಳು, ಯಾರು ಯಾವುದನ್ನು ಮಾಡುತ್ತಾರೆ ಅಂತ ಎದುರಿಗೆ ಹೆಸರು ಹಾಕಿಸಿದಳು. ನನ್ನ ಗಂಡನ ಹೆಸರು ಎಲ್ಲೂ ಬರಲಿಲ್ಲ. ಅವಳು ಅದನ್ನು ಎತ್ತಿ ತೋರಿಸಲೂ ಇಲ್ಲ, ಹಾಳೆಯನ್ನು ಅವರ ಕಡೆ ತಿರುಗಿಸಿ ಇಟ್ಟಳು ಅಷ್ಟೆ. ನಂತರ, ಕೂತು ಮಾಡಬಹುದಾದ ಕೆಲಸಗಳಿಗೆ ಗುರುತು ಹಾಕಿ ನನ್ನ ಹೆಸರು ಬರೆದಳು. ಅತ್ತೆ ಒಪ್ಪಲಿಲ್ಲ, ‘ಇವಳಿಗೆ ರೆಸ್ಟು ಬೇಕು ಅಂದವ್ರೆ’ ಅಂದರು. ‘ರೆಸ್ಟು ಎದೆಮೂಳೆಗೆ ಬೇಕಮ್ಮ, ಅದು ಕೂಡಿಕೊಂಡಾಯ್ತು’ ಅಂದಳು ಅವಳು. ಟೆಂಪೋ ಓಡಿಸುವ ಮನುಷ್ಯ ಊರಿಗೆ ಬಂದ ದಿನ ಎರಡು ಡ್ರಮ್ಮು ನೀರನ್ನು ಗಾಡಿಯಲ್ಲೇ ತುಂಬಿ ತರುವುದು ಅಂತ ಮಾತಾಯಿತು. ಇಷ್ಟು ಸುಲಭದ್ದು ಮೊದಲು ಯಾಕೆ ಹೊಳೆಯಲಿಲ್ಲ ಅಂತ ಈಗ ಕೇಳಬಹುದು. ಹೆಂಗಸರ ಕೆಲಸವನ್ನು ಕೆಲಸ ಅಂತ ಎಣಿಸದ ಕಡೆ ಹೊಳೆಯುವುದಿಲ್ಲ.

ಮಾತ್ರೆ ಕೆಲಸ ಮಾಡಿತು, ಅದನ್ನು ಅಲ್ಲಗಳೆಯುವವಳು ನಾನಲ್ಲ. ಮೊದಲು ನಿದ್ದೆ ಬಂತು, ಆಮೇಲೆ ಹಸಿವು. ಆದರೆ ನಿದ್ದೆ ಮಾಡಿ ಎದ್ದು ಮತ್ತೆ ಅದೇ ಮೂಲೆಯಲ್ಲಿ ಕೂರಬೇಕಾಗಿದ್ದರೆ ಏನಾಗುತ್ತಿತ್ತೋ. ನಮ್ಮೂರಿನ ಸ್ತ್ರೀಶಕ್ತಿ ಸಂಘಕ್ಕೆ ಲೆಕ್ಕ ಬರೆಯುವವರು ಬೇಕಾಗಿದ್ದರು. ಅಂಗನವಾಡಿ ಮೇಡಂ ನನ್ನನ್ನು ಕೇಳಿದರು. ಲೆಕ್ಕದ ಪುಸ್ತಕ ಐದು ಕೆಜಿಗಿಂತ ಕಡಿಮೆಯೇ ಇತ್ತು. ವಾರಕ್ಕೆ ಒಂದು ದಿನ ಹೆಂಗಸರು ಉಳಿತಾಯದ ಹತ್ತಿಪ್ಪತ್ತು ರೂಪಾಯಿ ತಂದು ನನ್ನ ಮುಂದೆ ಇಡುವರು. ಯಾರ ಸಾಲ ಎಷ್ಟು, ಬಡ್ಡಿ ಎಷ್ಟು ಅಂತ ನಾನು ಹೇಳಬೇಕು. ಅಲ್ಲಿ ಯಾರೂ ನನ್ನನ್ನು ಪಾಪ ಅನ್ನಲಿಲ್ಲ. ಬಡ್ಡಿ ಜಾಸ್ತಿ ಹಾಕಿದ್ದೀಯ ಅಂತ ಜಗಳವಾಡಿದರು. ಮೊದಲ ಸಲ ಒಬ್ಬಳು ನನ್ನ ಮೇಲೆ ಕೂಗಾಡಿದ ದಿನ ಮನೆಗೆ ಬಂದು ಎರಡು ಮುದ್ದೆ ಉಂಡೆ. ನಮ್ಮ ಅತ್ತೆ ಇದನ್ನು ಈಗಲೂ ಹೇಳಿ ನಗುತ್ತಾರೆ.

ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ಅವಳ ಪುಸ್ತಕದ ನಡುವೆ ಸಿಕ್ಕಿದ ಒಂದು ಅಧ್ಯಯನ ಓದಿ ಹೇಳಿದಳು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಬೈಪಾಸ್ ಆದ 817 ಜನರನ್ನು ಹಲವು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ್ದು. ಅವರಲ್ಲಿ ನೂರಕ್ಕೆ 38 ಜನರಿಗೆ ಖಿನ್ನತೆಯ ಲಕ್ಷಣಗಳಿದ್ದವು, ಖಿನ್ನತೆ ತೀವ್ರವಾಗಿದ್ದವರಲ್ಲೂ ಬಿಡದೆ ಕಾಡಿದವರಲ್ಲೂ ಸಾವು ಹೆಚ್ಚಿತ್ತು. ಅಂದರೆ ನನಗೆ ಆಪರೇಷನ್ ಆಗುವ ಮೊದಲೇ ಇದು ಅಚ್ಚಾಗಿತ್ತು. ಅವರಲ್ಲಿ ಹೆಚ್ಚಿನವರು ವಯಸ್ಸಾದ ಗಂಡಸರು. ಕೊರಟಗೆರೆ ಸೀಮೆಯ ಸೊಸೆಯಂದಿರನ್ನು ಹೀಗೆ ಕೂರಿಸಿ ಯಾರಾದರೂ ಎಣಿಸಿದರೆ ಲೆಕ್ಕ ಎಲ್ಲಿಗೆ ನಿಲ್ಲುತ್ತದೋ ನೋಡಬೇಕು ಅಂದೆ. ಮಗಳು ಅದನ್ನು ಬರೆದುಕೊಂಡಳು.

ಕೆಲವು ಬದಲಾಗಿವೆ. 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ 2023ರಲ್ಲಿ ಮತ್ತೆ ಶುರುವಾಗಿದೆ, ಆಯುಷ್ಮಾನ್ ಭಾರತ್ ಕಾರ್ಡು ಬೇರೆ ಬಂದಿದೆ. ಮನೋಚೈತನ್ಯ ಅಂತ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಟು ಆಗಿದೆ. 2022ರಿಂದ 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡುತ್ತಾರೆ. ನಾನು ಆ ನಂಬರನ್ನು ಸಂಘದ ಪಾಸ್‌ಬುಕ್ಕುಗಳ ಹಿಂದೆ ಬರೆದುಕೊಡುತ್ತೇನೆ. ಹಾರ್ಟಿನ ವಾರ್ಡಿನೊಳಗೇ ಒಬ್ಬರು ಕೂತು ಮನೆಯ ಲೆಕ್ಕ ಕೇಳುವುದು ಮಾತ್ರ ನಾನು ಹೋಗುವ ಕಡೆ ಇನ್ನೂ ಕಂಡಿಲ್ಲ. ಹಾಗಾಗಿ ಸುತ್ತಲಿನ ಹಳ್ಳಿಗಳಲ್ಲಿ ಯಾರಿಗಾದರೂ ಆಪರೇಷನ್ ಗೊತ್ತಾದರೆ ನಾನೇ ಹೋಗುತ್ತೇನೆ. ಕರೆಯದಿದ್ದರೂ ಹೋಗುತ್ತೇನೆ.

ಮೊನ್ನೆ ಹೋದದ್ದು ಪಕ್ಕದ ಹೋಬಳಿಗೆ, ಇಪ್ಪತ್ತೈದರ ಹುಡುಗಿ, ನನ್ನದೇ ಕಾಯಿಲೆ. ಬೀದಿಗೆ ನಲ್ಲಿ ಬಂದಿರುವುದರಿಂದ ನೀರಿನ ಪ್ರಶ್ನೆ ಈಗ ಅಷ್ಟಿಲ್ಲ. ‘ಎರಡು ಸೀಮೆಹಸು ಅವೆ, ಇವಳೇ ಹಾಲು ಕರೆಯಾದು’ ಅಂದರು ಅವಳ ಅತ್ತೆ. ಮೂರು ತಿಂಗಳು ಯಾರು ಕರೆಯುತ್ತಾರೆ ಅಂತ ಕೇಳಿದೆ. ‘ಅದೆಲ್ಲ ಆಮೇಕೆ ನೋಡ್ಕಂಡ್ರಾಯ್ತು’ ಅಂದರು. ಆಮೇಲೆ ಬೇಡ, ಈಗಲೇ ಹೇಳಿ ಅಂದೆ. ಹುಡುಗಿಯ ಗಂಡ ಮೊಬೈಲಿನಿಂದ ತಲೆಯೆತ್ತಿ, ‘ನಂಗೆ ಹಾಲು ಕರೆಯೋಕೆ ಬರಲ್ಲ ಅಕ್ಕಾ’ ಅಂದ. ಆಪರೇಷನ್ನಿಗೆ ಇನ್ನೂ ಮೂರು ವಾರವಿತ್ತು. ಕಲಿಯೋಕೆ ಅಷ್ಟು ಸಾಕು, ಸಂಜೆ ಹಸು ಹತ್ರ ಕೂತ್ಕೊ ಅಂದೆ.